ಪರೀಕ್ಷೆ ಹಲವು, ಪಾಠ ಎಷ್ಟು?

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂತು. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ನಡುವೆ ಸಿಕ್ಕಿದ್ದು ಮೂರು ವಾರ, ಮೇಲೆ ಎರಡು ಮೂರು ದಿನ. ಆ ಸಲ ಪರೀಕ್ಷೆಗೆ ಕೂತ 8,42,173 ಮಕ್ಕಳಲ್ಲಿ ಪಾಸಾದವರು 5,24,984. ಉಳಿದ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳ ಮುಂದಿದ್ದದ್ದು ಆ ಮೂರು ವಾರ. ಹೈಸ್ಕೂಲಿನ ಮೂರು ವರ್ಷ ಕೂತರೂ ಹತ್ತದ ಗಣಿತವನ್ನು ಅಷ್ಟರಲ್ಲಿ ಹತ್ತಿಸಿಕೊಳ್ಳಬೇಕಿತ್ತು.

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಹೋಬಳಿಯ ಮನೆಗಳಲ್ಲಿ ಇದನ್ನು ಹೇಳುವ ಮಾತು ಚಿಕ್ಕದು. ‘ಮ್ಯಾತ್ಸ್ ಹೋಗೈತಂತೆ’ ಎನ್ನುತ್ತಾರೆ. ‘ಕಟ್ಟಿದ್ರಾಯ್ತು ಬಿಡಪ್ಪ’ ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಕಟ್ಟುವುದೆಂದರೆ ಉಳಿದ ವಿಷಯದ ಪರೀಕ್ಷೆಗೆ ಹೆಸರು ನೋಂದಾಯಿಸುವುದು. ನಮ್ಮ ವ್ಯವಸ್ಥೆ ಕೂಡ ಹೆಚ್ಚುಕಡಿಮೆ ಆ ಸಮಾಧಾನದ ಮಾತಿನಷ್ಟೇ ಕೆಲಸ ಮಾಡುತ್ತಿದೆ. ಪರೀಕ್ಷೆಗೆ ದಿನಾಂಕ ಕೊಡುತ್ತದೆ, ಕೇಂದ್ರ ಕೊಡುತ್ತದೆ, ಪ್ರವೇಶಪತ್ರ ಕೊಡುತ್ತದೆ. ಪಾಠವನ್ನು ಯಾರು ಕೊಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಚಿತ್ರದುರ್ಗ ಜಿಲ್ಲೆಯವರಿಗೆ ಇದು ಬೇರೆ ಊರಿನ ಸುದ್ದಿಯಲ್ಲ. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದದ್ದು ಇದೇ ಜಿಲ್ಲೆ, ಶೇ 96.8. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮೊದಲ ಮೂರು ಸ್ಥಾನ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗಕ್ಕೆ ಹೋದವು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ರವರೆಗೆ ಏರಿಸಿದ ಮೇಲೆ. ಕೃಪಾಂಕ ನಿಂತ 2025ರಲ್ಲಿ ಅದು ಶೇ 62.34. ಎರಡೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕಡಿಮೆಯಾಗುವುದಿಲ್ಲ. ಮೊದಲಿನಿಂದಲೂ ಕಲಿಯದೆ ಉಳಿದದ್ದು ಈಗ ಲೆಕ್ಕಕ್ಕೆ ಬರುತ್ತಿದೆ ಎಂಬುದೇ ನನ್ನ ತಿಳಿವಳಿಕೆ. ಇದನ್ನು ನಾಚಿಕೆಯ ವಿಷಯ ಮಾಡುವುದಕ್ಕಿಂತ ಆ ಉಳಿದ ಪಾಠವನ್ನು ಹೇಗೆ ಕಲಿಸುವುದೆಂದು ಯೋಚಿಸುವುದು ಒಳ್ಳೆಯದು.

ಅಮೆರಿಕದಲ್ಲಿ ಇಂಥದ್ದಕ್ಕೆಂದೇ ಒಂದು ದೊಡ್ಡ ಏರ್ಪಾಡು ಬೆಳೆದಿದೆ. ಅಲ್ಲಿ ಹೈಸ್ಕೂಲು ಮುಗಿಸಲು ರಾಜ್ಯಕ್ಕೆಲ್ಲ ಸೇರಿ ಒಂದು ದೊಡ್ಡ ಪರೀಕ್ಷೆ ಇರಲೇಬೇಕೆಂದಿಲ್ಲ. ಒಂದೊಂದು ವಿಷಯ ಪಾಸಾದಾಗಲೂ ಒಂದಿಷ್ಟು ಕ್ರೆಡಿಟ್ ಜಮೆಯಾಗುತ್ತದೆ, ನಿಗದಿಯಾದಷ್ಟು ಕ್ರೆಡಿಟ್ ಕೂಡಿದರೆ ಡಿಪ್ಲೊಮಾ. ಶಿಕ್ಷಕರ ಮುಂದೆ ಕೂತ ಗಂಟೆಗಳ ಲೆಕ್ಕದಲ್ಲಿ ಓದನ್ನು ಅಳೆಯುವ ಈ ಕ್ರಮಕ್ಕೆ ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. ಬೀಜಗಣಿತದಲ್ಲಿ ಫೇಲಾದ ಹುಡುಗ ಆ ಕ್ರೆಡಿಟ್ಟನ್ನು ಮತ್ತೆ ಗಳಿಸಬೇಕು. ಮೊದಲು ಬೇಸಿಗೆ ಶಾಲೆಯಲ್ಲಿ ಶಿಕ್ಷಕರ ಎದುರೇ ಕೂತು ಗಳಿಸುತ್ತಿದ್ದರು. ಆಮೇಲೆ ಆ ಜಾಗಕ್ಕೆ ಕಂಪ್ಯೂಟರ್ ಬಂತು. ಹುಡುಗ ಪಾಠದ ವಿಡಿಯೊ ನೋಡುತ್ತಾನೆ, ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾನೆ, ಒಂದು ಘಟಕ ಮುಗಿದರೆ ಮುಂದಿನದು ತೆರೆದುಕೊಳ್ಳುತ್ತದೆ. ಬೇಗ ಮುಗಿಸಿದವನಿಗೆ ಬೇಗ ಕ್ರೆಡಿಟ್.

ಇದರಿಂದ ಮಕ್ಕಳು ಕಲಿಯುತ್ತಾರೆಯೇ? ಷಿಕಾಗೊ ನಗರದಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಿದ್ದಾರೆ. 2011 ಮತ್ತು 2012ರ ಬೇಸಿಗೆಗಳಲ್ಲಿ ಅಲ್ಲಿನ 17 ಹೈಸ್ಕೂಲುಗಳಲ್ಲಿ, ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ಫೇಲಾಗಿದ್ದ 1,224 ಮಕ್ಕಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆನ್‌ಲೈನ್ ಪಾಠ, ಇನ್ನೊಂದಕ್ಕೆ ಶಿಕ್ಷಕರ ಎದುರು ಪಾಠ. ಶಿಕ್ಷಕರ ಎದುರು ಕೂತವರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮಂದಿ ಕ್ರೆಡಿಟ್ ಗಳಿಸಿದರು. ಆನ್‌ಲೈನ್ ಗುಂಪಿನಲ್ಲಿ ಶೇ 66. ಆನ್‌ಲೈನಿನಲ್ಲಿ ಓದಿದವರಿಗೆ ಪಾಠ ಹೆಚ್ಚು ಕಷ್ಟ ಅನ್ನಿಸಿತ್ತು. ಅಲ್ಲಿ ಪ್ರತಿ ಮಗುವಿಗೂ ಕಂಪ್ಯೂಟರ್ ಇತ್ತು, ಕೂರಲು ಶಾಲೆಯ ಕೊಠಡಿ ಇತ್ತು, ಅದೇ ಕೊಠಡಿಯಲ್ಲಿ ಒಬ್ಬರು ಮೇಲ್ವಿಚಾರಕರೂ ಇದ್ದರು. ಅಷ್ಟೆಲ್ಲ ಇದ್ದೂ ಈ ಅಂತರ. ಮನೆಯ ಒಂದೇ ಫೋನಿನಲ್ಲಿ, ಕೇಳುವವರಿಲ್ಲದೆ, ವಿಡಿಯೊ ನೋಡಿ ಪಾಸಾಗಲಿ ಎಂದು ನಮ್ಮ ಮಕ್ಕಳಿಗೆ ಹೇಳುವ ಮುನ್ನ ಈ ಅಂತರವನ್ನು ನೆನಪಿಡಬೇಕು.

ಅಮೆರಿಕದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. 2017ರಲ್ಲಿ ವಾಷಿಂಗ್ಟನ್ ನಗರದ ಬಲೂ ಹೈಸ್ಕೂಲಿನ ಕೊನೆಯ ವರ್ಷದ ಅಷ್ಟೂ ವಿದ್ಯಾರ್ಥಿಗಳಿಗೆ ಕಾಲೇಜು ಸೀಟು ಸಿಕ್ಕಿತೆಂದು ದೇಶವೇ ಕೊಂಡಾಡಿತು. ಅದೇ ವರ್ಷದ ಕೊನೆಗೆ ಪತ್ರಕರ್ತರು ಹೋಗಿ ಹಾಜರಿ ಪುಸ್ತಕ ತೆರೆದಾಗ, ಅವರಲ್ಲಿ ಅರ್ಧದಷ್ಟು ಮಂದಿ ಮೂರು ತಿಂಗಳಿಗೂ ಹೆಚ್ಚು ಶಾಲೆಗೇ ಬಂದಿರಲಿಲ್ಲ ಎಂದು ಗೊತ್ತಾಯಿತು. ಆಮೇಲೆ ನಡೆದ ಅಧಿಕೃತ ತನಿಖೆಯಲ್ಲಿ, ಆ ನಗರದಲ್ಲಿ ಆ ವರ್ಷ ಹೈಸ್ಕೂಲು ಮುಗಿಸಿದವರ ಪೈಕಿ ಮೂವರಲ್ಲಿ ಒಬ್ಬರಿಗೆ ನಿಯಮ ಮೀರಿ ಪ್ರಮಾಣಪತ್ರ ಕೊಡಲಾಗಿತ್ತು ಎಂದು ಹೊರಬಿತ್ತು. ಹೋದ ಕ್ರೆಡಿಟ್ಟನ್ನು ಮರಳಿ ಕೊಡಿಸುವ ತರಗತಿಗಳ ದುರ್ಬಳಕೆಯೂ ಅದರಲ್ಲಿ ಒಂದು. ಶೇಕಡಾವಾರು ಏರಿಸಲೇಬೇಕೆಂಬ ಒತ್ತಡ ಮೇಲಿನಿಂದ ಬಿದ್ದಾಗ, ಕೆಳಗಿನವರು ಕಲಿಕೆಯನ್ನು ಬಿಟ್ಟು ಅಂಕಿಯನ್ನು ಸರಿಮಾಡುತ್ತಾರೆ. ಇದು ಯಾವ ದೇಶಕ್ಕಾದರೂ ಅನ್ವಯಿಸುವ ಮಾತು.

ಈಗ ನಮ್ಮಲ್ಲಿ ಏನೇನಿದೆ ನೋಡೋಣ. ಹೆಚ್ಚಿನ ತಂದೆತಾಯಿಗಳಿಗೆ ಇದು ಪೂರ್ತಿ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 2023-24ರಿಂದ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ 2024ರಲ್ಲೂ 2025ರಲ್ಲೂ ಪರೀಕ್ಷೆ-1, 2, 3 ಎಂದು ಮೂರು ನಡೆಸಿತು. ಪಾಸಾದ ವಿಷಯ ಪಾಸಾದ ಹಾಗೆಯೇ ಉಳಿಯುತ್ತದೆ, ಹೋದದ್ದನ್ನಷ್ಟೇ ಬರೆದರೆ ಸಾಕು. ಪಾಸಾದವರು ಕೂಡ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಬರೆದವುಗಳಲ್ಲಿ ಯಾವುದು ಹೆಚ್ಚೋ ಅದು ನಿಲ್ಲುತ್ತದೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಕ್ರೆಡಿಟ್ ಎಂಬ ಮಾತಿಲ್ಲದಿದ್ದರೂ, ಒಂದೊಂದು ವಿಷಯವನ್ನು ಬಿಡಿಬಿಡಿಯಾಗಿ ಜಮೆ ಮಾಡಿಕೊಳ್ಳುವ ದಾರಿ ಹೀಗೆ ಇದ್ದೇ ಇದೆ. ಅಂಕ ಕೊಡುವುದರಲ್ಲಿ ತಪ್ಪಾಗಿದೆ ಅನ್ನಿಸಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೂ ಹಾಕಬಹುದು. ಸ್ಕ್ಯಾನ್ ಪ್ರತಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮಗು ಎಲ್ಲಿ ನಿಂತುಹೋಗಿದೆ, ಯಾವ ಹಂತದವರೆಗೆ ಸರಿಯಾಗಿ ಬರೆದಿದೆ ಎನ್ನುವುದು ಅದರಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಸಿಗುತ್ತದೆ. ಮುಂದಿನ ಪಾಠ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ.

2025-26ರಿಂದ ಪಾಸಾಗುವ ಮಟ್ಟವನ್ನೂ ಇಳಿಸಿದ್ದಾರೆ. ಆಂತರಿಕ ಅಂಕವನ್ನೂ ಕೂಡಿಸಿ 625ಕ್ಕೆ 206, ಅಂದರೆ ಶೇ 33. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಮಕ್ಕಳ ಮೇಲಿನ ಭಾರ ಕಡಿಮೆಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಬೇರೆ ಮಂಡಳಿಗಳ ಜೊತೆ ಹೋಲಿಸಿದರೆ ನಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿತ್ತು ಎಂಬ ವಾದದಲ್ಲೂ ಹುರುಳಿದೆ. ಆದರೆ ಗೆರೆ ಇಳಿದ ಮಾತ್ರಕ್ಕೆ ಯಾವ ಮಗುವಿಗೂ ಒಂದು ಲೆಕ್ಕ ಹೆಚ್ಚು ಬರುವುದಿಲ್ಲ. ಪಾಸಾಗಿ ಪಿಯುಸಿಗೋ ಐಟಿಐಗೋ ಹೋದ ಮೊದಲ ತಿಂಗಳಲ್ಲೇ ಅದು ಗೊತ್ತಾಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಅನುತ್ತೀರ್ಣರಾದವರು ಮತ್ತೆ ಹತ್ತನೇ ತರಗತಿಗೇ ಸೇರಿ, ಉಳಿದವರ ಹಾಗೆ ವರ್ಷವಿಡೀ ಓದಲು ಮರುದಾಖಲಾತಿಯ ಅವಕಾಶವನ್ನೂ ಶಿಕ್ಷಣ ಇಲಾಖೆ ಕೊಟ್ಟಿದೆ. ನನ್ನ ಮಟ್ಟಿಗೆ ಇದು ಈಚಿನ ವರ್ಷಗಳ ಒಳ್ಳೆಯ ತೀರ್ಮಾನಗಳಲ್ಲಿ ಒಂದು. ಆದರೆ ತನಗಿಂತ ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಕೂರಲು ಹದಿನಾರರ ಹುಡುಗ ಒಪ್ಪುವುದು ಕಷ್ಟ. ಹುಡುಗಿಯಾದರೆ ಮನೆಯವರು ಒಪ್ಪುವುದು ಇನ್ನೂ ಕಷ್ಟ.

ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಜನ ಎನ್‌ಐಒಎಸ್ ಎನ್ನುವುದು. 1979ರಲ್ಲಿ ಸಿಬಿಎಸ್‌ಇಯ ಒಂದು ಪ್ರಯೋಗವಾಗಿ ಶುರುವಾಗಿ, 1989ರಲ್ಲಿ ಕೇಂದ್ರ ಸರ್ಕಾರದ ಸ್ವಾಯತ್ತ ಸಂಸ್ಥೆಯಾಯಿತು. ಕ್ರೆಡಿಟ್ ಪದ್ಧತಿಗೆ ನಮ್ಮ ದೇಶದಲ್ಲಿ ಅತಿ ಹತ್ತಿರದ್ದು ಇದೇ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಅದರೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಒಂದು ಸಲಕ್ಕೆ ಒಂದೇ ವಿಷಯ ಬರೆದರೂ ನಡೆಯುತ್ತದೆ, ಪಾಸಾದದ್ದು ಜಮೆಯಾಗುತ್ತ ಹೋಗುತ್ತದೆ. ಎಸ್‌ಎಸ್‌ಎಲ್‌ಸಿಯಂಥ ಬೇರೆ ಮಂಡಳಿಯಲ್ಲಿ ಈಗಾಗಲೇ ಪಾಸಾದ ಎರಡು ವಿಷಯಗಳವರೆಗೆ ಇಲ್ಲಿಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ. ವರ್ಷದಲ್ಲಿ ಎರಡು ಸಲ ನಡೆಯುವ ಸಾರ್ವಜನಿಕ ಪರೀಕ್ಷೆಯ ಜೊತೆಗೆ, ತಯಾರಾದಾಗ ಕೇಳಿ ಬರೆಯುವ ಪರೀಕ್ಷೆಯೂ ಇದೆ. ಹದಿನಾಲ್ಕು ತುಂಬಿದ ಯಾರಾದರೂ ಹತ್ತನೇ ತರಗತಿಗೆ ಸೇರಬಹುದು, ಭಾಷಾ ವಿಷಯವಾಗಿ ಕನ್ನಡ ತೆಗೆದುಕೊಳ್ಳಬಹುದು. ಕನ್ನಡ ಮಾಧ್ಯಮದ ಮಗುವಿನ ತಂದೆತಾಯಿ ಹಣ ಕಟ್ಟುವ ಮುಂಚೆ ಮೂರು ವಿಷಯ ವಿಚಾರಿಸಬೇಕು. ಗಣಿತ ವಿಜ್ಞಾನದ ಪುಸ್ತಕ ಯಾವ ಭಾಷೆಯಲ್ಲಿ ಕೈಗೆ ಬರುತ್ತದೆ, ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿರುತ್ತದೆ, ಅಧ್ಯಯನ ಕೇಂದ್ರ ಎಷ್ಟು ದೂರ. ಹತ್ತು ವರ್ಷ ಕನ್ನಡದಲ್ಲಿ ತ್ರಿಭುಜ, ವರ್ಗಮೂಲ ಎಂದು ಓದಿದ ಮಗುವನ್ನು ಒಂದೇ ಸಲ ಇಂಗ್ಲಿಷ್ ಪುಸ್ತಕಕ್ಕೆ ತಳ್ಳಿದರೆ, ಗಣಿತದ ಜೊತೆ ಇನ್ನೊಂದು ವಿಷಯದಲ್ಲೂ ಫೇಲು ಮಾಡಿಸಿದಂತಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ‘ಒಂದೇ ಸಿಟ್ಟಿಂಗ್‌ನಲ್ಲಿ ಎಸ್‌ಎಸ್‌ಎಲ್‌ಸಿ’, ‘ಪರೀಕ್ಷೆ ಇಲ್ಲದೆ ಪಾಸು’ ಎಂಬ ಜಾಹೀರಾತುಗಳು ಊರೂರಿನ ಗೋಡೆಗಳ ಮೇಲೂ ಮೊಬೈಲಿನಲ್ಲೂ ಬರುತ್ತವೆ. ಮುಕ್ತ ಶಾಲೆಯ ಹೆಸರು ಇಟ್ಟುಕೊಂಡದ್ದೆಲ್ಲ ಮಾನ್ಯತೆ ಪಡೆದ ಮಂಡಳಿಯಲ್ಲ. ಅಂಥ ಕಾಗದ ಹಿಡಿದು ಕೆಲಸಕ್ಕೆ ಸೇರಿದವರು ದಾಖಲೆ ಪರಿಶೀಲನೆಯ ದಿನ ಸಿಕ್ಕಿಬಿದ್ದು, ಕೆಲಸವೂ ಹೋಗಿ ಪೊಲೀಸ್ ಕೇಸೂ ಆಗಬಹುದು. ನೋಂದಣಿಯನ್ನು ಎನ್‌ಐಒಎಸ್‌ನ ಸ್ವಂತ ಜಾಲತಾಣದಲ್ಲಿ ಅಥವಾ ಅದು ಒಪ್ಪಿದ ಕೇಂದ್ರದಲ್ಲೇ ಮಾಡಿಸಿ. ಅನುಮಾನ ಬಂದರೆ ಹೊಳಲ್ಕೆರೆಯ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಒಂದು ಮಾತು ಕೇಳಿ, ಆಮೇಲೆ ಹಣ ಕೊಡಿ.

ಆನ್‌ಲೈನ್ ಪಾಠಕ್ಕೆ ಬರೋಣ. ಕನ್ನಡದಲ್ಲಿ ಪಾಠ ಇಲ್ಲ ಎಂದು ದೂರುವ ಕಾಲ ಮುಗಿದಿದೆ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯಲ್ಲಿ ನಮ್ಮ ಪಠ್ಯಪುಸ್ತಕಗಳ ಪಾಠಗಳಿವೆ. ಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಸಂಕೇತಕ್ಕೆ ಫೋನು ಹಿಡಿದರೆ ಆ ಅಧ್ಯಾಯ ತೆರೆದುಕೊಳ್ಳುತ್ತದೆ. ಕೊರೊನಾ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು ಪ್ರೌಢಶಾಲೆ ಮಕ್ಕಳಿಗೂ ಕನ್ನಡದಲ್ಲಿ ಇದ್ದವು. ಇವಲ್ಲದೆ ಸರ್ಕಾರಿ ಶಾಲೆಯ ಎಷ್ಟೋ ಶಿಕ್ಷಕರು ತಮ್ಮ ಪಾಡಿಗೆ ತಾವು ಹಲಗೆಯ ಮುಂದೆ ನಿಂತು ಪಾಠ ಮಾಡಿ ಯೂಟ್ಯೂಬಿಗೆ ಹಾಕಿದ್ದಾರೆ. ಅವರಲ್ಲಿ ಕೆಲವರ ಪಾಠ ಯಾವ ದುಬಾರಿ ಆ್ಯಪ್‌ಗೂ ಕಡಿಮೆಯಿಲ್ಲ. ಅವರಿಗೆ ನಾಡು ಋಣಿಯಾಗಿರಬೇಕು.

ಹಾಗಿದ್ದರೂ ಫೇಲಾದ ಮಗುವಿಗೆ ಇವು ಯಾಕೆ ದಕ್ಕುತ್ತಿಲ್ಲ? ಆ ಮಗು ತೆರೆಯುವುದು ಹತ್ತನೇ ತರಗತಿಯ ಪಾಠ, ನಿಂತಿರುವುದು ಆರನೇ ತರಗತಿಯಲ್ಲಿ. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. 2024-25ರಲ್ಲಿ ಎಸ್‌ಎಸ್‌ಎಲ್‌ಸಿ ಓದಿದ ಮಕ್ಕಳು 2020-21ರಲ್ಲಿ ಆರನೇ ತರಗತಿಯಲ್ಲಿದ್ದರು, ಅವರಿಗಿಂತ ಒಂದು ವರ್ಷ ಹಿರಿಯರು ಏಳರಲ್ಲಿ. ಶಾಲೆಗಳು ಮುಚ್ಚಿದ್ದ ವರ್ಷವದು. ಭಿನ್ನರಾಶಿ, ಋಣಸಂಖ್ಯೆ, ಅಕ್ಷರದ ಜಾಗಕ್ಕೆ ಸಂಖ್ಯೆ ಹಾಕುವ ಮೊದಲ ಬೀಜಗಣಿತ, ಇವೆಲ್ಲ ಬರುವುದು ಆ ಎರಡು ತರಗತಿಗಳಲ್ಲೇ. ಕಳೆಯುವಾಗ ಚಿಹ್ನೆ ಬದಲಾಗುವುದು ಯಾಕೆಂದು ತಿಳಿಯದ ಮಗುವಿಗೆ ವರ್ಗ ಸಮೀಕರಣದ ವಿಡಿಯೊ ಎಷ್ಟು ಸಲ ತೋರಿಸಿದರೇನು? ಬೇರುಹುಳ ಹತ್ತಿದ ಅಡಿಕೆ ಮರಕ್ಕೆ ಗೊನೆಗೆ ಔಷಧಿ ಹೊಡೆದ ಹಾಗೆ. ಮಗು ವಿಡಿಯೊ ನೋಡುತ್ತದೆ, ನೋಡುವಾಗ ಅರ್ಥವಾದ ಹಾಗೆಯೇ ಇರುತ್ತದೆ. ಪೆನ್ಸಿಲು ಹಿಡಿದು ತಾನೇ ಬಿಡಿಸಲು ಹೋದಾಗ ಎರಡನೇ ಸಾಲಿಗೇ ನಿಂತುಬಿಡುತ್ತದೆ. ಆ ಎರಡನೇ ಸಾಲಿನಲ್ಲಿ ಏನು ತಪ್ಪಾಯಿತೆಂದು ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ವಿಡಿಯೊ ಮಾಡಲಾಗದ ಕೆಲಸ ಅದೊಂದೇ, ಫೇಲಾದ ಮಗುವಿಗೆ ಬೇಕಾದದ್ದೂ ಅದೇ.

ಫೋನಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲೋ ಅಣ್ಣನ ಬೈಕಿನಲ್ಲೋ ಹೊರಗೆ ಹೋಗುತ್ತದೆ. ಹುಡುಗಿಯ ಕೈಗೆ ಅದು ಬರುವುದು ಎಲ್ಲರೂ ಉಂಡು ಮಲಗುವ ಹೊತ್ತಿಗೆ, ಅದೂ ಯಾರಾದರೂ ನೋಡುತ್ತಿರುವಾಗ ಮಾತ್ರ.

ಶಿಕ್ಷಕರ ಕಡೆಯ ಮಾತನ್ನೂ ಹೇಳಬೇಕು. ಪರೀಕ್ಷೆ-1ಕ್ಕೂ 2ಕ್ಕೂ ನಡುವೆ ಬೇಸಿಗೆ ರಜೆ ಬರುತ್ತದೆ. 2024ರಲ್ಲಿ ಆ ರಜೆಯಲ್ಲಿ ವಿಶೇಷ ತರಗತಿ ನಡೆಸಬೇಕೆಂದು ಆದೇಶ ಬಂದಾಗ ಶಿಕ್ಷಕರಿಂದ ಆಕ್ಷೇಪ ಬಂತು, ಜೂನ್ 7ಕ್ಕಿದ್ದ ಪರೀಕ್ಷೆ-2 ಜೂನ್ 14ಕ್ಕೆ ಹೋಯಿತು. ವರ್ಷವಿಡೀ ದುಡಿದವರ ರಜೆ ಕಿತ್ತುಕೊಳ್ಳುವುದು ನ್ಯಾಯವಲ್ಲ, ಮಕ್ಕಳನ್ನು ಹಾಗೇ ಬಿಡುವುದೂ ನ್ಯಾಯವಲ್ಲ. ಹಲವು ಶಾಲೆಗಳಲ್ಲಿ ಶಿಕ್ಷಕರು ‘ಪಾಸಿಂಗ್ ಪ್ಯಾಕೇಜ್’ ಮಾಡಿಕೊಂಡಿರುತ್ತಾರೆ. ಸಂಖ್ಯಾಶಾಸ್ತ್ರದ ಸರಾಸರಿ, ನಕ್ಷೆ ಎಳೆದು ಬಿಡಿಸುವ ಸಮೀಕರಣ, ಒಂದೆರಡು ಪ್ರಮೇಯ, ಖಂಡಿತ ಬರುವ ಕೆಲವು ಪ್ರಶ್ನೆ. ಮೂರು ವಾರದಲ್ಲಿ ಅದಕ್ಕಿಂತ ಹೆಚ್ಚು ಮಾಡಲು ಯಾರಿಂದಲೂ ಸಾಧ್ಯವಿಲ್ಲ, ಅದನ್ನು ಹೀಗಳೆಯುವುದು ತಪ್ಪು. ಎರಡು ಮೂರು ಅಂಕದಲ್ಲಿ ಹೋದ ಮಗು ಅದರಿಂದ ದಾಟಿಕೊಳ್ಳುತ್ತದೆ.

ದಾಟದೆ ಉಳಿಯುವವರ ಬಗ್ಗೆ ನನ್ನ ಚಿಂತೆ. 2024ರಲ್ಲಿ ಪರೀಕ್ಷೆ-3 ನಡೆದದ್ದು ಆಗಸ್ಟ್ ಮೊದಲ ವಾರದಲ್ಲಿ, 2025ರಲ್ಲಿ ಜುಲೈಯಲ್ಲಿ. ಅದರಲ್ಲೂ ಹೋದ ಮಗುವಿಗೆ ಮುಂದಿನ ಅವಕಾಶ ಮಾರ್ಚ್‌ನ ಪರೀಕ್ಷೆ. ಮರುದಾಖಲಾತಿ ಪಡೆಯದಿದ್ದರೆ ಅಲ್ಲಿಯವರೆಗೆ ಏಳೆಂಟು ತಿಂಗಳು ಆ ಮಗು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಹೈಸ್ಕೂಲಿನಲ್ಲಿ ಹೆಸರು ಮುಗಿದಿದೆ, ಕಾಲೇಜಿನಲ್ಲಿ ಶುರುವಾಗಿಲ್ಲ. ಸರಿಯಾಗಿ ಅದೇ ಹೊತ್ತಿಗೆ ರಾಮಗಿರಿ ಸುತ್ತಿನಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ. ಖೇಣಿ (ಫಸಲಿನ ಗುತ್ತಿಗೆ) ಹಿಡಿದವರಿಗೆ ಆಳು ಬೇಕು, ಗೊನೆ ಇಳಿಸುವವರು ಬೇಕು, ಸುಲಿಯುವವರು ಬೇಕು, ಬೇಯಿಸಿ ಹರಡುವವರು ಬೇಕು. ಮನೆಯಲ್ಲಿ ಕೂತ ಹುಡುಗ ಸುಮ್ಮನಿರುವುದಕ್ಕಿಂತ ನಾಲ್ಕು ಕಾಸು ತರಲಿ ಎಂದು ಮನೆಯವರಿಗೆ ಅನ್ನಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಹುಡುಗಿಯ ಮನೆಗೆ ಗಂಡಿನ ಕಡೆಯವರು ಬಂದು ಹೋಗುವುದೂ ಈ ಖಾಲಿ ತಿಂಗಳುಗಳಲ್ಲೇ. ಹದಿನೆಂಟು ತುಂಬದ ಹೆಣ್ಣಿನ ಮದುವೆಯನ್ನು ಕರ್ನಾಟಕದ ಕಾನೂನು ಮೊದಲಿನಿಂದಲೇ ಅಸಿಂಧು ಎನ್ನುತ್ತದೆ, ಆದರೂ ಕಾನೂನಿಗಿಂತ ಮೊದಲು ಆ ಹುಡುಗಿಯನ್ನು ಕಾಯುತ್ತಿದ್ದದ್ದು ಶಾಲೆಯ ಹಾಜರಿ ಪುಸ್ತಕ. ಅದರಲ್ಲಿ ಹೆಸರಿದ್ದರೆ ಎರಡು ದಿನ ಬರದಿದ್ದಾಗ ಯಾರಾದರೂ ಕೇಳುತ್ತಾರೆ.

ಆನ್‌ಲೈನ್ ಪಾಠದ ನಿಜವಾದ ಜಾಗ ಈ ಏಳೆಂಟು ತಿಂಗಳು ಎಂದು ನಾನು ನಂಬುತ್ತೇನೆ. ಮೂರು ವಾರದ ಓಟದಲ್ಲಿ ಬೇಕಾದದ್ದು ಎದುರಿಗೆ ನಿಂತ ಮೇಷ್ಟ್ರು. ಆದರೆ ಆಗಸ್ಟಿನಿಂದ ಮಾರ್ಚ್‌ವರೆಗಿನ ಉದ್ದ ದಾರಿಯಲ್ಲಿ, ಆರನೇ ತರಗತಿಯಿಂದ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಲು, ಅದೇ ಪಾಠವನ್ನು ಬೇಸರವಿಲ್ಲದೆ ನಾಲ್ಕು ಸಲ ಹೇಳಲು ವಿಡಿಯೊ ತುಂಬ ಒಳ್ಳೆಯದು. ಹಗಲು ತೋಟದಲ್ಲಿ ದುಡಿದು ಸಂಜೆ ಬಂದವನಿಗೂ ಅದು ಕಾಯುತ್ತದೆ. ವಾರಕ್ಕೆ ಎರಡು ಸಂಜೆ ಒಬ್ಬರು ಪಕ್ಕದಲ್ಲಿ ಕೂತು ಬರೆದದ್ದನ್ನು ನೋಡುವಂತಾಗಬೇಕು, ಅಷ್ಟೆ.

ಇದಕ್ಕೆ ಹೊಸ ಕಟ್ಟಡ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳ ಹೆಸರು ಅರಿವು ಕೇಂದ್ರ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಹಲವು ಕಡೆ ಕಂಪ್ಯೂಟರ್ ಬಂದಿದೆ, ಇಂಟರ್‌ನೆಟ್ ಬಂದಿದೆ, ಗ್ರಂಥಾಲಯ ಮೇಲ್ವಿಚಾರಕರು ಇದ್ದಾರೆ. ಫೇಲಾದ ಮಕ್ಕಳ ಪಟ್ಟಿ ಹೈಸ್ಕೂಲಿನ ಮುಖ್ಯ ಶಿಕ್ಷಕರ ಬಳಿ ಇರುತ್ತದೆ. ಆ ಪಟ್ಟಿ ಒಂದು ದಿನವೂ ಪಂಚಾಯಿತಿ ಕಚೇರಿಗೆ ಬರುವುದಿಲ್ಲ, ಯಾಕೆಂದರೆ ಅವು ಎರಡು ಬೇರೆ ಇಲಾಖೆಗಳು. ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲೇ ಮುಖ್ಯ ಶಿಕ್ಷಕರು ಆ ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೈಗೆ ಕೊಡಲಿ. ಅರಿವು ಕೇಂದ್ರದಲ್ಲಿ ಆ ಮಕ್ಕಳಿಗೆ ಒಂದು ಹಾಜರಿ ಪುಸ್ತಕ ತೆರೆಯಲಿ. ಮೊದಲ ದಿನ ಹತ್ತನೇ ತರಗತಿಯ ಪುಸ್ತಕ ತೆಗೆಯದೆ, ಐದರಿಂದ ಎಂಟರವರೆಗಿನ ಇಪ್ಪತ್ತು ಲೆಕ್ಕ ಕೊಟ್ಟು ಯಾರು ಎಲ್ಲಿದ್ದಾರೆಂದು ನೋಡಲಿ. ಹೋಬಳಿಯ ಪ್ರತಿ ಊರಿನಲ್ಲೂ ಬಿಎಸ್‌ಸಿ, ಬಿಇಡಿ ಮಾಡಿ ಕೆಲಸಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಪಂಚಾಯಿತಿ ಒಂದಿಷ್ಟು ಗೌರವಧನ ಕೊಟ್ಟರೆ ವಾರಕ್ಕೆ ಎರಡು ಸಂಜೆ ಕೂರಲು ಅವರಲ್ಲಿ ಕೆಲವರಾದರೂ ಒಪ್ಪುತ್ತಾರೆ. ಹುಡುಗಿಯರಿಗೆ ಸಂಜೆ ಕತ್ತಲಾಗುವ ಮುಂಚೆ ಅಥವಾ ಭಾನುವಾರ ಬೆಳಿಗ್ಗೆ ಬೇರೆ ಹೊತ್ತು ಇಡಬೇಕು. ರಾಮಗಿರಿ ಬೆಟ್ಟದ ಮೇಲಿನ ಕರಿಸಿದ್ದೇಶ್ವರ ಸ್ವಾಮಿಯ ಉತ್ಸವಕ್ಕೆ ಇಡೀ ಹೋಬಳಿ ಕೈಜೋಡಿಸುವುದನ್ನು ಎಲ್ಲರೂ ಕಂಡಿದ್ದೇವೆ. ಆ ಒಗ್ಗಟ್ಟಿನ ಸ್ವಲ್ಪ ಭಾಗ ಸಾಕು ಇದಕ್ಕೆ.

ಈ ಒಂದು ಕಾಗದಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಐಟಿಐಯ ಹೆಚ್ಚಿನ ವಿಭಾಗಗಳಿಗೆ ಹತ್ತನೇ ತರಗತಿ ಪಾಸಾಗಿರಬೇಕು. ಸಾರಿಗೆ ನಿಗಮದ ಚಾಲಕರಿಗೂ ಬೇಕು, ಅಂಗನವಾಡಿ ಸಹಾಯಕಿಗೂ ಬೇಕು. ಗಲ್ಫಿಗೆ ದುಡಿಯಲು ಹೋಗುವವರ ಪಾಸ್‌ಪೋರ್ಟಿನಲ್ಲಿ ಹತ್ತನೇ ತರಗತಿ ಪಾಸಾಗಿಲ್ಲದಿದ್ದರೆ ವಲಸೆ ತಪಾಸಣೆಯ ಷರತ್ತು ಬೀಳುತ್ತದೆ, ಪಾಸಾಗಿದ್ದರೆ ಇಲ್ಲ. ಒಂದು ಗಣಿತದ ಪತ್ರಿಕೆ ಇಷ್ಟು ಬಾಗಿಲುಗಳ ಮುಂದೆ ನಿಂತಿದೆ. ಅದು ಸರಿಯೇ ಎಂದು ಬೇರೆ ದಿನ ಚರ್ಚಿಸಬಹುದು. ಇವತ್ತಿನ ಮಟ್ಟಿಗೆ ಆ ಮಗುವಿಗೆ ಅದು ಬೇಕು.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟು. ಫಲಿತಾಂಶ ಬಂದ ದಿನ ಮಗುವಿಗೆ ಬೈಯಬೇಡಿ, ಹೊಡೆಯಬೇಡಿ, ಒಬ್ಬರನ್ನೇ ಬಿಡಬೇಡಿ. ಮರುದಿನವೇ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ಪರೀಕ್ಷೆ-2ರ ನೋಂದಣಿ ಶಾಲೆಯ ಮೂಲಕವೇ ಆಗುತ್ತದೆ, ಅದಕ್ಕೆ ಸಿಗುವುದು ಕೆಲವೇ ದಿನ. ಸ್ಕ್ಯಾನ್ ಪ್ರತಿ ತರಿಸಿ ವಿಷಯ ಶಿಕ್ಷಕರಿಗೆ ತೋರಿಸಿ. ಆ ವರ್ಷದ ಯಾವ ಪರೀಕ್ಷೆಯಲ್ಲೂ ಆಗದಿದ್ದರೆ ಮರುದಾಖಲಾತಿ ಕೇಳಿ, ಕೊಡುವುದಿಲ್ಲವೆಂದರೆ ಬಿಇಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಮನೆಯ ಫೋನನ್ನು ದಿನಕ್ಕೆ ಒಂದು ಗಂಟೆ, ಗೊತ್ತಾದ ಹೊತ್ತಿಗೆ, ಮಗಳ ಕೈಗೂ ಕೊಡಿ. ಪಂಚಾಯಿತಿ ಸದಸ್ಯರೇ, ಮುಂದಿನ ಸಭೆಗೆ ಹೋಗುವ ಮುಂಚೆ ನಿಮ್ಮ ವಾರ್ಡಿನಲ್ಲಿ ಈ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಉಳಿದ ಮಕ್ಕಳೆಷ್ಟು ಎಂದು ಹೈಸ್ಕೂಲಿನಲ್ಲಿ ಕೇಳಿ ಬರೆದುಕೊಳ್ಳಿ. ಆ ಸಂಖ್ಯೆಯನ್ನು ಸಭೆಯ ನಡಾವಳಿಯಲ್ಲಿ ಬರೆಸಿ.